ಕತ್ತಿ ಎತ್ತುವುದಿಲ್ಲ ಎಂದವರು: ಇಸ್ಲಾಮಿನ ಮೊದಲ ನೂರು ವರ್ಷದ ಜಗಳ ಯಾವುದರ ಬಗ್ಗೆ ಇತ್ತು?

ತುಂಗಾತೀರ:
ಆರಂಭದ ಇಸ್ಲಾಂ ಮತ್ತು ಹಿಂಸೆ ಎಂದು ಮಾತು ಬಂದ ಕೂಡಲೇ ಒಬ್ಬರು ಬಹುದೇವಾರಾಧಕರನ್ನು ಕಂಡಲ್ಲಿ ಕೊಲ್ಲಿ ಎನ್ನುವ ಕುರ್‌ಆನಿನ 9ನೇ ಅಧ್ಯಾಯದ 5ನೇ ವಚನ ಹಾಕುತ್ತಾರೆ, ಇನ್ನೊಬ್ಬರು ಒಂದು ಜೀವ ತೆಗೆದರೆ ಇಡೀ ಮನುಕುಲವನ್ನೇ ಕೊಂದ ಹಾಗೆ ಎನ್ನುವ 5ನೇ ಅಧ್ಯಾಯದ 32ನೇ ವಚನ ಹಾಕುತ್ತಾರೆ, ಅಲ್ಲಿಗೆ ಮಾತು ಮುಗಿಯಿತು. ಆ ಕಾಲದ ಜನ ತಮ್ಮತಮ್ಮಲ್ಲಿ ಏನು ಮಾತಾಡಿಕೊಂಡರು, ಯಾವುದಕ್ಕೆ ಸಂಕಟಪಟ್ಟರು ಎಂದು ಯಾರೂ ಕೇಳುವುದಿಲ್ಲ. ಓದುತ್ತಾ ಹೋದಂತೆ ನನಗೆ ಗಟ್ಟಿಯಾಗಿ ಅನಿಸಿದ್ದು ಇಷ್ಟು. ಹೊರಗಿನವರ ಮೇಲೆ ಯುದ್ಧ ಮಾಡಬಹುದಾ ಎಂಬ ಪ್ರಶ್ನೆ ಅವರನ್ನು ಅಷ್ಟಾಗಿ ಕಾಡಲಿಲ್ಲ. ನಮ್ಮವನ ರಕ್ತ ನಾವು ಚೆಲ್ಲಬಹುದಾ, ಯಾವಾಗ, ಯಾರ ಮಾತು ಕೇಳಿ ಎಂಬ ಪ್ರಶ್ನೆ ಅವರ ನಿದ್ದೆ ಕೆಡಿಸಿತು.

656ರ ಜೂನ್‌ನಲ್ಲಿ ಮೂರನೇ ಖಲೀಫ (ಪ್ರವಾದಿಯ ನಂತರ ಮುಸ್ಲಿಮರ ಮುಖ್ಯಸ್ಥರಾದವರು) ಉಸ್ಮಾನರನ್ನು ಮದೀನಾದ ಅವರ ಮನೆಯಲ್ಲೇ ಕೊಂದರು. ಕೊಂದವರು ಈಜಿಪ್ಟ್ ಮತ್ತು ಇರಾಕಿನ ಕೂಫಾ, ಬಸ್ರಾ ಊರುಗಳ ಕಡೆಯಿಂದ ದೂರು ಹೊತ್ತು ಬಂದ ಮುಸ್ಲಿಮರೇ. ನೆಂಟರಿಗೇ ಅಧಿಕಾರ ಕೊಡುತ್ತೀರಿ ಎಂಬುದು ಅವರ ದೊಡ್ಡ ಸಿಟ್ಟು. ಕಾಪಾಡಲು ಕತ್ತಿ ಹಿಡಿದು ಬಂದವರಿಗೆ ಉಸ್ಮಾನರು ಮನೆಗೆ ಹೋಗಿ ಎಂದರಂತೆ, ನನಗಾಗಿ ರಕ್ತ ಹರಿಯುವುದು ಬೇಡ ಎಂದರಂತೆ. ಅದೇ ವರ್ಷ ಡಿಸೆಂಬರಿನಲ್ಲಿ ಬಸ್ರಾದ ಹತ್ತಿರ ಒಂಟೆ ಯುದ್ಧ ಆಯಿತು. ಒಂದು ಕಡೆ ಪ್ರವಾದಿಯ ಅಳಿಯ, ನಾಲ್ಕನೇ ಖಲೀಫ ಅಲಿ, ಇನ್ನೊಂದು ಕಡೆ ಪ್ರವಾದಿಯ ಪತ್ನಿ ಆಯಿಷಾ, ಅವರ ಜೊತೆ ಪ್ರವಾದಿಯ ಹಳೆಯ ಒಡನಾಡಿಗಳಾದ ತಲ್ಹಾ ಮತ್ತು ಜುಬೈರ್. ಮರುವರ್ಷ ಯೂಫ್ರೆಟಿಸ್ ದಂಡೆಯ ಸಿಫ್ಫೀನ್‌ನಲ್ಲಿ ಅಲಿ ಮತ್ತು ಸಿರಿಯಾದ ರಾಜ್ಯಪಾಲ ಮುಆವಿಯಾ ಎದುರುಬದುರಾದರು. ಪ್ರವಾದಿ ತೀರಿಕೊಂಡು 25 ವರ್ಷ, ಅಷ್ಟೇ.

ಆ ಹೊತ್ತಿನಲ್ಲಿ ಕೆಲವು ಹಿರಿಯರು ಯಾರ ಕಡೆಗೂ ಸೇರಲಿಲ್ಲ. ಸಅದ್ ಇಬ್ನ್ ಅಬೀ ವಕ್ಕಾಸ್ ಅವರನ್ನೇ ನೋಡಿ. ಕಾದಿಸಿಯ್ಯಾದಲ್ಲಿ ಪರ್ಷಿಯದ ಸೈನ್ಯವನ್ನು ಸೋಲಿಸಿದ ಸೇನಾಪತಿ ಇವರು, ಹೆದರಿ ಕೂತರು ಎನ್ನಲು ಬರುವುದಿಲ್ಲ. ಈ ಯುದ್ಧಕ್ಕೆ ಯಾಕೆ ಬರುವುದಿಲ್ಲ ಎಂದು ಕೇಳಿದವರಿಗೆ, ಎರಡು ಕಣ್ಣು, ನಾಲಿಗೆ, ತುಟಿ ಇರುವ ಒಂದು ಕತ್ತಿ ತಂದುಕೊಡಿ, ಇವನು ವಿಶ್ವಾಸಿ ಇವನಲ್ಲ ಎಂದು ಅದೇ ಹೇಳಲಿ, ಆಗ ಬರುತ್ತೇನೆ ಎಂದರಂತೆ. ಮುಹಮ್ಮದ್ ಇಬ್ನ್ ಮಸ್ಲಮಾ ತಮ್ಮ ಕತ್ತಿ ಮುರಿದು ಹಾಕಿ ಮರದ ಕತ್ತಿ ಇಟ್ಟುಕೊಂಡರು ಎಂದು ಹಳೆಯ ವರದಿಗಳಿವೆ. ಇವರೆಲ್ಲ ಯಾಕೆ ನಮ್ಮ ಚರ್ಚೆಗಳಲ್ಲಿ ಬರುವುದೇ ಇಲ್ಲ?

ಬಿಸಿಲೂರು:
ತುಂಗಾತೀರ ಅವರೇ, ಬರಹ ಚೆನ್ನಾಗಿದೆ. ಆದರೆ ನೇರವಾಗಿ ಹೇಳುತ್ತೇನೆ, ನೀವು ಕಷ್ಟದ ಜಾಗ ಬಿಟ್ಟು ಪಕ್ಕದಲ್ಲಿ ಹಾದುಹೋಗಿದ್ದೀರಿ. ಮರದ ಕತ್ತಿ ಹಿಡಿದ ಅದೇ ಇಬ್ನ್ ಮಸ್ಲಮಾ, 624ರಲ್ಲಿ ಕಅಬ್ ಇಬ್ನ್ ಅಲ್ ಅಶ್ರಫ್ ಎಂಬ ಕವಿಯನ್ನು ರಾತ್ರಿ ಹೊರಗೆ ಕರೆಸಿ ಕೊಂದ ತಂಡದ ಮುಂದಾಳು. 627ರಲ್ಲಿ ಬನೂ ಕುರೈಝಾ ಎಂಬ ಯಹೂದಿ ಕುಲದ ಗಂಡಸರನ್ನು ಕೊಂದು ಹೆಂಗಸರು ಮಕ್ಕಳನ್ನು ಗುಲಾಮರಾಗಿ ಹಂಚಿದರು, ಸತ್ತವರು 400ರಿಂದ 900ರವರೆಗೆ ಎಂದು ಮುಸ್ಲಿಂ ಮೂಲಗಳೇ ಹೇಳುತ್ತವೆ. ಆಮೇಲೆ 634ರಿಂದ ಹದಿನೈದಿಪ್ಪತ್ತು ವರ್ಷದಲ್ಲಿ ಸಿರಿಯಾ, ಇರಾಕ್, ಈಜಿಪ್ಟ್, ಇರಾನ್. ಸಅದ್ ದೊಡ್ಡವರಾಗಿದ್ದೇ ಆ ಗೆಲುವಿನಿಂದ. ನಮ್ಮವನ ರಕ್ತ ಎಂದು ಸಂಕಟಪಟ್ಟವರು ಕಾದಿಸಿಯ್ಯಾದಲ್ಲಿ ಸತ್ತ ಇರಾಕಿನ ರೈತರ ಮಕ್ಕಳಿಗೆ ಸಂಕಟಪಟ್ಟರಾ? ನಮ್ಮವರು ಮಾತ್ರ ಮನುಷ್ಯರು ಎಂಬ ಅಹಿಂಸೆಗೆ ಎಷ್ಟು ಬೆಲೆ?

ತುಂಗಾತೀರ:
ಬಿಸಿಲೂರು ಸರ್, ನೀವು ಹೇಳಿದ ಘಟನೆಗಳನ್ನು ನಾನು ಅಲ್ಲಗಳೆಯುವುದಿಲ್ಲ. ಅವರನ್ನು ಅಹಿಂಸಾವಾದಿಗಳು ಎಂದೂ ಕರೆಯುವುದಿಲ್ಲ. ಆ ಸಮಾಜದಲ್ಲಿ ಗಡಿಯಾಚೆಗಿನ ಯುದ್ಧ ಗೌರವದ ಕೆಲಸ, ಕೊಳ್ಳೆಯ ಪಾಲು ಸಂಬಳದಷ್ಟೇ ಸಹಜ, ಗುಲಾಮಗಿರಿಯನ್ನು ರೋಮ್ ಮತ್ತು ಪರ್ಷಿಯ ಒಪ್ಪಿದ ಹಾಗೆ ಅವರೂ ಒಪ್ಪಿದ್ದರು. ಇದನ್ನು ಮುಚ್ಚಿಟ್ಟು ಮಾತಾಡಿದರೆ ಏನೂ ಅರ್ಥವಾಗುವುದಿಲ್ಲ.

ಆದರೆ ಆ ಯುದ್ಧಕ್ಕೂ ಒಂದು ಮಿತಿ ಬೇಕು ಎಂಬ ವಾದ ಬಹಳ ಬೇಗ ಶುರುವಾಯಿತು. ಸಿರಿಯಾಗೆ ಹೊರಟ ಸೇನಾಪತಿ ಯಜೀದ್ ಇಬ್ನ್ ಅಬೀ ಸುಫ್ಯಾನ್‌ಗೆ ಮೊದಲ ಖಲೀಫ ಅಬೂಬಕರ್ ಹೇಳಿದ ಹತ್ತು ಮಾತುಗಳು ಇಮಾಮ್ ಮಾಲಿಕರ ಸಂಗ್ರಹದಲ್ಲಿವೆ. ಹೆಂಗಸರನ್ನು, ಮಕ್ಕಳನ್ನು, ಮುದುಕರನ್ನು ಕೊಲ್ಲಬೇಡಿ, ಹಣ್ಣಿನ ಮರ ಕಡಿಯಬೇಡಿ, ಊಟಕ್ಕಲ್ಲದೆ ಕುರಿ ಒಂಟೆ ಕಡಿಯಬೇಡಿ, ಮಠದಲ್ಲಿ ಕೂತ ಸನ್ಯಾಸಿಗಳನ್ನು ಅವರ ಪಾಡಿಗೆ ಬಿಡಿ. ಎಲ್ಲರೂ ಇದನ್ನು ಒಪ್ಪಿದರು ಎಂದಲ್ಲ. ಸಿರಿಯಾದ ಪಂಡಿತ ಅವ್‌ಝಾಈ ಮರ ಕಡಿಯುವುದು ಬೇಡ ಎಂದರೆ, ಕೂಫಾದ ಕಾನೂನು ಪಂಡಿತ ಅಬೂ ಹನೀಫಾರ ಶಿಷ್ಯ ಅಬೂ ಯೂಸುಫ್ ಅದಕ್ಕೆ ಉದ್ದನೆಯ ಉತ್ತರ ಬರೆದು ಯುದ್ಧದಲ್ಲಿ ಬೇಕಾದರೆ ಕಡಿಯಬಹುದು ಎಂದರು.

ಅವ್‌ಝಾಈ ಬಗ್ಗೆ ಇನ್ನೊಂದು ವಿಷಯ ಹೇಳಲೇಬೇಕು. ಬೈರೂತ್‌ನಲ್ಲಿದ್ದ ಈ ಪಂಡಿತರು 774ರಲ್ಲಿ ತೀರಿಕೊಂಡರು. ಅದಕ್ಕೆ ಸುಮಾರು ಹದಿನೈದು ವರ್ಷ ಮೊದಲು ಲೆಬನಾನ್ ಬೆಟ್ಟದ ಕ್ರೈಸ್ತರು ತೆರಿಗೆ ವಿಷಯಕ್ಕೆ ದಂಗೆ ಎದ್ದರು. ಆಗ ಆಳುತ್ತಿದ್ದ ಅಬ್ಬಾಸಿ ಮನೆತನದ ಅಧಿಕಾರಿ ಸಾಲಿಹ್ ಇಬ್ನ್ ಅಲಿ ದಂಗೆ ಅಡಗಿಸಿದ್ದಲ್ಲದೆ ದಂಗೆಯಲ್ಲಿ ಇಲ್ಲದವರನ್ನೂ ಊರು ಬಿಡಿಸಿದ. ಆಗ ಅವ್‌ಝಾಈ ಅವನಿಗೇ ಪತ್ರ ಬರೆದು, ಕೆಲವರ ತಪ್ಪಿಗೆ ಎಲ್ಲರನ್ನೂ ಮನೆ ಜಮೀನಿನಿಂದ ಹೇಗೆ ಓಡಿಸುತ್ತೀರಿ, ಒಬ್ಬನ ಹೊರೆ ಇನ್ನೊಬ್ಬ ಹೊರುವುದಿಲ್ಲ ಎಂದು ದೇವರೇ ಹೇಳಿದ್ದಾನೆ ಎಂದು ಕೇಳಿದರು. ಬಲಾಝುರಿ ಬರೆದ ಚರಿತ್ರೆಯಲ್ಲಿ ಇದು ಇದೆ. ಇಲ್ಲಿ ನಮ್ಮವರು ಪರರು ಎಂಬ ಗೆರೆ ಸ್ವಲ್ಪ ಸರಿದಿದೆ, ಅಲ್ವಾ?

ಕಡಲಹಕ್ಕಿ:
ನಾನು ಮುಸ್ಲಿಂ ಮನೆಯವಳು, ಹೈಸ್ಕೂಲಿನಲ್ಲಿ ಇತಿಹಾಸ ಪಾಠ ಮಾಡುತ್ತೇನೆ. ತುಂಗಾತೀರ ಅವರು ಇನ್ನೂ ಇಬ್ಬರ ಹೆಸರು ಹೇಳಬೇಕಿತ್ತು.

ಒಬ್ಬರು ಪ್ರವಾದಿಯ ಒಡನಾಡಿ ಉಸಾಮಾ ಇಬ್ನ್ ಝೈದ್. ಒಂದು ದಾಳಿಯಲ್ಲಿ ಇವರ ಕತ್ತಿಗೆ ಸಿಕ್ಕವನು ಕಲಿಮಾ, ಅಂದರೆ ಇಸ್ಲಾಂ ಒಪ್ಪುವ ವಾಕ್ಯ, ಹೇಳಿದ, ಆದರೂ ಇವರು ಕೊಂದುಬಿಟ್ಟರು. ಜೀವ ಉಳಿಸಿಕೊಳ್ಳಲು ಹೇಳಿದ ಎಂದು ಸಮಜಾಯಿಷಿ ಕೊಟ್ಟಾಗ ಪ್ರವಾದಿಯವರು, ನೀನು ಅವನ ಎದೆ ಸೀಳಿ ನೋಡಿದೆಯಾ ಎಂದು ಮತ್ತೆಮತ್ತೆ ಕೇಳಿದರು. ಆ ಮಾತು ಉಸಾಮಾರನ್ನು ಬಿಡಲಿಲ್ಲ. ಮುಂದೆ ಹಜ್ರತ್ ಅಲಿಯವರಿಗೆ ಹೇಳಿಕಳಿಸಿದರು: ನೀವು ಸಿಂಹದ ಬಾಯಲ್ಲಿದ್ದರೂ ನಿಮ್ಮ ಜೊತೆ ಇರಲು ಇಷ್ಟಪಡುತ್ತೇನೆ, ಆದರೆ ಈ ಕೆಲಸಕ್ಕೆ ಬರಲಾರೆ.

ಇನ್ನೊಬ್ಬರು ಎರಡನೇ ಖಲೀಫ ಉಮರ್ ಅವರ ಮಗ ಅಬ್ದುಲ್ಲಾ. ಫಿತ್ನಾ, ಅಂದರೆ ಒಳಜಗಳದ ಅನಾಹುತ, ಇಲ್ಲವಾಗುವ ತನಕ ಹೋರಾಡಿ ಎಂದು ಕುರ್‌ಆನ್ ಹೇಳುತ್ತದಲ್ಲಾ, ನೀವು ಯಾಕೆ ಕೂತಿದ್ದೀರಿ ಎಂದು ಒಬ್ಬ ಬಂದು ಕೇಳಿದ. ಇವರ ಉತ್ತರ ನಾನು ಮಕ್ಕಳಿಗೆ ತಪ್ಪದೆ ಹೇಳುತ್ತೇನೆ. ಫಿತ್ನಾ ಇಲ್ಲವಾಗಲಿ ಎಂದು ನಾವು ಹೋರಾಡಿದೆವು, ನೀವು ಫಿತ್ನಾ ಆಗಲಿ ಎಂದು ಹೋರಾಡುತ್ತಿದ್ದೀರಿ.

ಒಂದೇ ವಚನ, ಓದುವ ಜನ ಬೇರೆ, ಅರ್ಥ ತಿರುಗಾಮುರುಗಾ. ಆದ್ದರಿಂದ ಬರೀ ವಚನ ಅಂಟಿಸಿ ವಾದ ಮಾಡುವವರ ಮೇಲೆ ನನಗೆ ಸಿಟ್ಟು ಬರುತ್ತದೆ, ಅವರು ಯಾವ ಧರ್ಮದವರಾದರೂ ಸರಿ.

ಹಂಪಿ_ಹುಡುಗ:
ಮೇಡಂ, ಒಂದು ಪ್ರಶ್ನೆ. ಹಾಗಾದರೆ ಕೂತವರೆಲ್ಲ ಸರಿ, ಎದ್ದವರೆಲ್ಲ ತಪ್ಪಾ? ನಮ್ಮ ರಾಯಚೂರು ಕೊಪ್ಪಳದ ಕಡೆ ಅಲಾಯಿ ಹಬ್ಬಕ್ಕೆ ಮುಸ್ಲಿಮರ ಮನೆ ಒಂದೂ ಇಲ್ಲದ ಊರಲ್ಲೂ ದೇವರು ಕೂರಿಸುತ್ತಾರೆ, ಹಸೇನ್ ಹುಸೇನ್ ಮೇಲೆ ಕನ್ನಡದಲ್ಲೇ ಪದ ಹಾಡುತ್ತಾರೆ. ಜನ ಅಲ್ಲಿ ಅಳುವುದು ಸುಮ್ಮನೆ ಕೂತವರಿಗಲ್ಲ, ಅನ್ಯಾಯಕ್ಕೆ ತಲೆಬಾಗದ ಹುಸೇನರಿಗೆ.

ಕಡಲಹಕ್ಕಿ:
ಒಳ್ಳೆ ಪ್ರಶ್ನೆ ತಮ್ಮಾ. ಇದೇ ಇದರಲ್ಲಿ ಅತಿ ಕಷ್ಟದ ಭಾಗ.

ಇಬ್ಬರೂ ಅಲಿಯವರ ಮಕ್ಕಳು. ಅಣ್ಣ ಹಸನ್ 661ರಲ್ಲಿ ಮುಆವಿಯಾ ಜೊತೆ ಒಪ್ಪಂದ ಮಾಡಿಕೊಂಡು ಖಲೀಫ ಸ್ಥಾನವನ್ನೇ ಬಿಟ್ಟುಕೊಟ್ಟರು. ತಮ್ಮ ಹುಸೇನ್ 680ರ ಅಕ್ಟೋಬರಿನಲ್ಲಿ ಮುಆವಿಯಾನ ಮಗ ಯಜೀದನನ್ನು ಒಪ್ಪದೆ ಕರ್ಬಲಾದಲ್ಲಿ ಪ್ರಾಣ ಕೊಟ್ಟರು. ಸಂಪ್ರದಾಯ ಹೇಳುವಂತೆ ಜೊತೆಗಿದ್ದವರು 72 ಜನ. ಶಿಯಾಗಳು ಇಬ್ಬರನ್ನೂ ಇಮಾಮ್ ಎನ್ನುತ್ತಾರೆ, ಸುನ್ನಿಗಳೂ ಇಬ್ಬರನ್ನೂ ಪ್ರೀತಿಸುತ್ತಾರೆ. ಒಂದೇ ಮನೆಯ ಇಬ್ಬರು, ಒಬ್ಬರು ರಕ್ತ ನಿಲ್ಲಿಸಲು ಕುರ್ಚಿ ಬಿಟ್ಟರು, ಒಬ್ಬರು ಮಾನ ಬಿಡಲು ಒಪ್ಪಲಿಲ್ಲ. ಯಾರೂ ಇವರಲ್ಲಿ ಒಬ್ಬರನ್ನು ಆರಿಸಿ ಇನ್ನೊಬ್ಬರನ್ನು ಎಸೆಯಲಿಲ್ಲ ಎಂಬುದು ನನಗೆ ಬಹಳ ದೊಡ್ಡ ವಿಷಯ.

ಕೂತಿದ್ದರಿಂದ ಶಾಂತಿ ಬಂತಾ ಎಂದರೆ ಇಲ್ಲ. 683ರಲ್ಲಿ ಯಜೀದನ ಸೈನ್ಯ ಮದೀನಾವನ್ನೇ ಲೂಟಿ ಮಾಡಿತು. ಅದೇ ವರ್ಷ ಮಕ್ಕಾ ಮುತ್ತಿಗೆಯಲ್ಲಿ ಕಾಬಾ ಸುಟ್ಟಿತು. 692ರಲ್ಲಿ ಖಲೀಫನ ಸೇನಾಪತಿ ಹಜ್ಜಾಜ್ ಮಕ್ಕಾ ಮೇಲೆ ಕವಣೆ ಯಂತ್ರದಿಂದ ಕಲ್ಲು ಹೊಡೆಸಿ, ಅಲ್ಲಿ ಎದುರಾಳಿ ಖಲೀಫರಾಗಿದ್ದ ಇಬ್ನ್ ಝುಬೈರ್ ಅವರನ್ನು ಕೊಂದ. ಅಬ್ದುಲ್ಲಾ ಇಬ್ನ್ ಉಮರ್ ಇದೆಲ್ಲ ಕಣ್ಣಾರೆ ನೋಡುವಷ್ಟು ಕಾಲ ಬದುಕಿದ್ದರು.

ನಡುಮನೆ:
ಇದಕ್ಕೆ ಮೊದಲಿನ ಅರೇಬಿಯಾ ಬಗ್ಗೆ ಒಂದೆರಡು ಮಾತು, ಇಲ್ಲದಿದ್ದರೆ ಇವರ ಸಂಕಟ ಪೂರ್ತಿ ಹಿಡಿಯುವುದಿಲ್ಲ. ಪೊಲೀಸ್ ಇಲ್ಲ, ರಾಜ ಇಲ್ಲ. ನಿನ್ನ ಪ್ರಾಣಕ್ಕೆ ರಕ್ಷೆ ನಿನ್ನ ಕುಲ. ಒಬ್ಬನನ್ನು ಕೊಂದರೆ ಅವನ ಕುಲ ಸೇಡು ತೀರಿಸುತ್ತದೆ, ಕೊಂದವನೇ ಸಿಗಬೇಕು ಎಂದಿಲ್ಲ, ಅವನ ಕುಲದ ಯಾರಾದರೂ ಆಗಬಹುದು. ಒಂದು ಒಂಟೆಯ ಜಗಳದಿಂದ ಬಕ್ರ್ ಮತ್ತು ತಗ್ಲಿಬ್ ಕುಲಗಳು 40 ವರ್ಷ ಬಡಿದಾಡಿದವು ಎಂಬ ಬಸೂಸ್ ಯುದ್ಧದ ಕಥೆ ಅಲ್ಲಿ ಎಲ್ಲರ ಬಾಯಲ್ಲಿತ್ತು. ಆದರೂ ಆ ಸಮಾಜ ಬರೀ ಸೇಡನ್ನೇ ಹಾಡಲಿಲ್ಲ. ಅಬ್ಸ್ ಮತ್ತು ಝುಬ್ಯಾನ್ ಕುಲಗಳ ಯುದ್ಧ ನಿಲ್ಲಿಸಲು ತಮ್ಮ ಕೈಯಿಂದ ರಕ್ತದ ಪರಿಹಾರ ಕೊಟ್ಟ ಇಬ್ಬರು ಮುಖಂಡರನ್ನು ಝುಹೈರ್ ಎಂಬ ಕವಿ ಹೊಗಳಿ ಹಾಡಿದ.

ಇಸ್ಲಾಂ ಬಂದಮೇಲೆ ಸೇಡಿನ ಬಾಗಿಲು ಪೂರ್ತಿ ಮುಚ್ಚಲಿಲ್ಲ. ಕೊಂದವನಿಗೆ ಮಾತ್ರ ಶಿಕ್ಷೆ, ಇಲ್ಲವೇ ಪರಿಹಾರ, ಇಲ್ಲವೇ ಕ್ಷಮೆ ಎಂದು ಮೂರಕ್ಕೆ ಇಳಿಸಿತು. ಹೆಣ್ಣುಮಗುವನ್ನು ಹುಗಿಯುವುದನ್ನು ನಿಷೇಧಿಸಿತು. ವಿಶ್ವಾಸಿಗಳೆಲ್ಲ ಒಂದು ಕುಲ ಎಂದಿತು. ಈಗ ಯೋಚಿಸಿ, ಆ ಹೊಸ ಕುಲ ಒಂದು ತಲೆಮಾರಿನಲ್ಲೇ ಒಳಗೇ ಕತ್ತಿ ಎತ್ತಿತು. ಮುಆವಿಯಾ ಯುದ್ಧಕ್ಕೆ ಕೊಟ್ಟ ಕಾರಣ ಏನು? ಉಸ್ಮಾನ್ ನನ್ನ ನೆಂಟ, ಅವರ ರಕ್ತಕ್ಕೆ ನ್ಯಾಯ ಬೇಕು. ಹಳೆ ಕುಲದ ಮಾತೇ ಹೊಸ ಬಟ್ಟೆ ಹಾಕಿಕೊಂಡು ಬಂತು.

ಮಸ್ಕತ್_ಕನ್ನಡಿಗ:
ಖಾರಿಜಿಗಳ ವಿಷಯ ಯಾರೂ ಎತ್ತಿಲ್ಲವಲ್ಲ! ಸಿಫ್ಫೀನ್‌ನಲ್ಲಿ ಸಿರಿಯಾದವರು ಭರ್ಜಿ ತುದಿಗೆ ಕುರ್‌ಆನ್ ಕಟ್ಟಿ ಮೇಲೆತ್ತಿದರು, ಪಂಚಾಯಿತಿ ಮಾಡೋಣ ಎಂದರು. ಅಲಿ ಒಪ್ಪಿದರು. ಅದನ್ನು ಒಪ್ಪದ ಒಂದು ಗುಂಪು, ತೀರ್ಪು ದೇವರದ್ದು ಮಾತ್ರ ಎಂದು ಕೂಗಿ ಹೊರಗೆ ಹೋಯಿತು. ಅಲಿ ಅದಕ್ಕೆ, ಮಾತು ಸತ್ಯ, ಆದರೆ ಅದರಿಂದ ಸಾಧಿಸಲು ಹೊರಟಿದ್ದು ಸುಳ್ಳು ಎಂದರು. ಆದರೂ ಅವರನ್ನು ಕೊಲ್ಲಿಸಲಿಲ್ಲ. ಮಸೀದಿಗೆ ಬರುವುದನ್ನು ತಡೆಯುವುದಿಲ್ಲ, ನಿಮ್ಮ ಪಾಲು ನಿಲ್ಲಿಸುವುದಿಲ್ಲ, ನೀವು ಮೊದಲು ಕೈ ಎತ್ತುವ ತನಕ ನಾವು ಎತ್ತುವುದಿಲ್ಲ ಎಂದು ಮಾತು ಕೊಟ್ಟರು.

ಅವರು ಕೈ ಎತ್ತಿದ್ದು ಹೇಗೆ ಎಂದರೆ, ಅದನ್ನು ಓದಿದರೆ ಇವತ್ತಿಗೂ ಮೈ ನಡುಗುತ್ತದೆ. ದಾರಿಯಲ್ಲಿ ಬಿದ್ದ ಒಂದು ಖರ್ಜೂರ ಬಾಯಿಗೆ ಹಾಕಿದವನಿಗೆ, ದುಡ್ಡು ಕೊಡದೆ ತಿನ್ನುತ್ತೀಯಾ ಎಂದು ಉಗುಳಿಸಿದರಂತೆ. ಒಬ್ಬ ಕ್ರೈಸ್ತನ ಹಂದಿ ಕೊಂದಿದ್ದಕ್ಕೆ ಅವನಿಗೆ ಪರಿಹಾರ ಕೊಟ್ಟರಂತೆ. ಅದೇ ಜನ ಅದೇ ಹೊತ್ತಿನಲ್ಲಿ ಸಹಾಬಿಯೊಬ್ಬರ, ಅಂದರೆ ಪ್ರವಾದಿಯ ಒಡನಾಡಿಯೊಬ್ಬರ, ಮಗ ಅಬ್ದುಲ್ಲಾ ಇಬ್ನ್ ಖಬ್ಬಾಬ್‌ನನ್ನು, ಅಲಿ ಬಗ್ಗೆ ಒಳ್ಳೆ ಮಾತು ಆಡಿದ ಎಂದು ಕೊಂದರು. ಅವನ ಬಸುರಿ ಹೆಂಡತಿಯ ಹೊಟ್ಟೆ ಸೀಳಿದರು. ಅದಾದ ಮೇಲೆ 658ರಲ್ಲಿ ನಹ್ರವಾನ್‌ನಲ್ಲಿ ಅಲಿ ಅವರನ್ನು ಸೋಲಿಸಿದರು. 661ರಲ್ಲಿ ಅವರದೇ ಗುಂಪಿನ ಇಬ್ನ್ ಮುಲ್ಜಮ್ ಕೂಫಾದ ಮಸೀದಿಯಲ್ಲಿ ಅಲಿಯನ್ನು ಹೊಡೆದ. ಸಾಯುವ ಮುಂಚೆ ಅಲಿ, ಒಂದು ಏಟಿಗೆ ಒಂದು ಏಟು, ಅವನ ದೇಹ ಕತ್ತರಿಸಿ ವಿಕಾರ ಮಾಡಬೇಡಿ ಎಂದರಂತೆ.

ಆದರೆ ಖಾರಿಜಿ ಎಂದರೆ ಎಲ್ಲರೂ ಒಂದೇ ಅಲ್ಲ, ಅದಕ್ಕೇ ನಾನು ಬರೆಯಲು ಕೂತೆ. 680ರ ದಶಕದಲ್ಲಿ ಬಸ್ರಾದಲ್ಲಿ ಅವರೇ ಒಡೆದರು. ನಾಫಿಅ್ ಇಬ್ನ್ ಅಲ್ ಅಝ್ರಕ್ ಕಡೆಯವರು ತಮ್ಮ ಜೊತೆ ಸೇರದ ಮುಸ್ಲಿಮರೆಲ್ಲ ಧರ್ಮಭ್ರಷ್ಟರು, ಅವರ ಹೆಂಡತಿ ಮಕ್ಕಳನ್ನೂ ಕೊಲ್ಲಬಹುದು ಎಂದರು. ಇನ್ನೊಂದು ಕಡೆ ಅಬೂ ಬಿಲಾಲ್ ಎಂಬವರನ್ನು ಆದರ್ಶ ಮಾಡಿಕೊಂಡವರು ಇದ್ದರು, ಹೊಡೆಯಲು ಬರದವರ ಮೇಲೆ ಕತ್ತಿ ಎತ್ತುವುದಿಲ್ಲ ಎಂಬುದು ಅವರ ನಿಲುವು. ಆ ಸೌಮ್ಯ ಕವಲಿನಿಂದ ಬೆಳೆದವರು ಇಬಾದಿಗಳು. ನಾನು ಕೆಲಸ ಮಾಡುವ ಒಮಾನಿನಲ್ಲಿ ಅವರ ಸಂಖ್ಯೆ ದೊಡ್ಡದು. ನಮ್ಮನ್ನು ಖಾರಿಜಿ ಎಂದು ಕರೆಯಬೇಡಿ ಎನ್ನುತ್ತಾರೆ ಅವರು, ಅದು ನ್ಯಾಯವೇ. ಸುನ್ನಿ, ಶಿಯಾ, ಇಬಾದಿ ಪಕ್ಕಪಕ್ಕ ನಿಂತು ನಮಾಜು ಮಾಡುವುದನ್ನು ಇಲ್ಲಿ ನಾನು ನೋಡಿದ್ದೇನೆ. ಅದೇ ಬೇರಿನಿಂದ ಎರಡು ಬೇರೆ ಗಿಡ ಬೆಳೆಯಿತು. ಕೊಂದವರ ಗಿಡ ಒಣಗಿತು.

ಬಿಸಿಲೂರು:
ಮಸ್ಕತ್ ಅವರೇ, ಈ ಮಾಹಿತಿ ನಿಜಕ್ಕೂ ಉಪಯೋಗಕ್ಕೆ ಬಂತು. ಆದರೆ ಒಂದು ಅನುಮಾನ. ಖರ್ಜೂರ, ಹಂದಿ, ಬಸುರಿ ಹೆಂಗಸು, ಇದೆಲ್ಲ ತುಂಬಾ ಜೋಡಿಸಿಟ್ಟ ಕಥೆಯ ಹಾಗಿದೆ. ಇದನ್ನು ಬರೆದ ತಬರಿ ಸತ್ತಿದ್ದು 923ರಲ್ಲಿ. ಅವನು ನೆಚ್ಚಿದ ಅಬೂ ಮಿಖ್ನಫ್ ಕೂಡ ಘಟನೆ ಆಗಿ ನೂರು ವರ್ಷದ ಮೇಲೆ ಬರೆದವನು, ಕೂಫಾದವನು. ಸೋತವರ ಬಗ್ಗೆ ಗೆದ್ದವರ ಊರಿನವನು ಹೇಳಿದ ಮಾತನ್ನು ಎಷ್ಟು ನಂಬುವುದು?

ತುಂಗಾತೀರ:
ಅನುಮಾನ ಇರಲೇಬೇಕು. ಸಂಭಾಷಣೆಗಳನ್ನು ಅಕ್ಷರಶಃ ನಾನೂ ನಂಬುವುದಿಲ್ಲ. ಆದರೆ ಒಳಯುದ್ಧ ನಡೆದಿದ್ದಕ್ಕೆ ಹೊರಗಿನ ಸಾಕ್ಷಿ ಇದೆ. ಸೆಬಿಯೋಸ್ ಹೆಸರಿನಲ್ಲಿ ಬಂದಿರುವ ಅರ್ಮೇನಿಯಾದ ಚರಿತ್ರೆ 660ರ ದಶಕದ್ದು, ಅರಬರು ತಮ್ಮೊಳಗೇ ಒಡೆದು ಕೊಂದುಕೊಂಡರು ಎಂದು ಅದರಲ್ಲಿ ಇದೆ. 680ರ ದಶಕದಲ್ಲಿ ಮೆಸೊಪೊಟೇಮಿಯದ ಕ್ರೈಸ್ತ ಸನ್ಯಾಸಿ ಯೋಹನ್ನಾನ್ ಬರ್ ಪೆಂಕಾಯೆ, ಮುಆವಿಯಾ ಕಾಲದ ನೆಮ್ಮದಿಯನ್ನು ಹೊಗಳಿ, ಆಮೇಲಿನ ಜಗಳ, ಬರ, ಪಿಡುಗುಗಳನ್ನು ನೋಡಿ ಲೋಕ ಮುಗಿಯಿತು ಎಂದು ಬರೆದ.

ಇನ್ನೊಂದು. ಕಥೆ ಕಟ್ಟಿದ್ದೇ ಎಂದಿಟ್ಟುಕೊಳ್ಳಿ. ಆಗಲೂ ಅದು ಹೇಳುವುದು ಏನು? ಖರ್ಜೂರಕ್ಕೆ ಲೆಕ್ಕ ಇಟ್ಟು ಮನುಷ್ಯನ ಪ್ರಾಣಕ್ಕೆ ಲೆಕ್ಕ ಇಡದ ಭಕ್ತಿಯನ್ನು ಆ ಸಮಾಜ ಅಸಹ್ಯ ಎಂದು ಎಣಿಸಿತು, ಮಕ್ಕಳಿಗೆ ಹಾಗೇ ಕಲಿಸಿತು. ನಾವು ಇಲ್ಲಿ ಮಾತಾಡುತ್ತಿರುವುದು ಮನೋಭಾವದ ಬಗ್ಗೆ. ಅದಕ್ಕೆ ಈ ಕಥೆ ಒಳ್ಳೆ ಪುರಾವೆಯೇ.

ಕಾನೂನು_ಕಟ್ಟೆ:
ವಕೀಲನಾಗಿ ನನಗೆ ಇದರಲ್ಲಿ ಎಲ್ಲಕ್ಕಿಂತ ಹಿಡಿಸಿದ್ದು ಮುಂದೆ ಬಂದ ಕಾನೂನು. ಒಂಟೆ ಯುದ್ಧ ಗೆದ್ದ ಮೇಲೆ ಅಲಿ ಸೈನಿಕರಿಗೆ ಕೊಟ್ಟ ಆಜ್ಞೆ ನೋಡಿ. ಓಡುವವನನ್ನು ಅಟ್ಟಬೇಡಿ, ಗಾಯಗೊಂಡವನನ್ನು ಮುಗಿಸಬೇಡಿ, ಮನೆಗೆ ನುಗ್ಗಬೇಡಿ, ಆಸ್ತಿ ಮುಟ್ಟಬೇಡಿ. ಸೈನಿಕರು ಗೊಣಗಿದರು, ಇವರ ರಕ್ತ ಚೆಲ್ಲಬಹುದು ಆದರೆ ಆಸ್ತಿ ಹಂಚಬಾರದು ಎಂದರೆ ಹೇಗೆ ಎಂದು. ಪ್ರವಾದಿಯ ಪತ್ನಿಯರನ್ನು ವಿಶ್ವಾಸಿಗಳು ತಾಯಿ ಎನ್ನುತ್ತಾರೆ. ಸರಿ, ನಿಮ್ಮ ತಾಯಿ ಆಯಿಷಾರನ್ನು ಯಾರ ಪಾಲಿಗೆ ಹಾಕಲಿ ಎಂದು ಅಲಿ ಕೇಳಿದಾಗ ಎಲ್ಲರೂ ಬಾಯಿ ಮುಚ್ಚಿದರು. ಆಯಿಷಾರನ್ನು ಗೌರವದಿಂದ ಮದೀನಾಗೆ ಕಳಿಸಿಕೊಟ್ಟರು.

820ರಲ್ಲಿ ತೀರಿಕೊಂಡ ಕಾನೂನು ಪಂಡಿತ ಶಾಫಿಈ, ಇದನ್ನೂ ಕುರ್‌ಆನಿನ 49ನೇ ಅಧ್ಯಾಯದ 9ನೇ ವಚನವನ್ನೂ ಇಟ್ಟುಕೊಂಡು ಬಂಡಾಯಗಾರರ ಬಗ್ಗೆ ಒಂದು ಪೂರ್ತಿ ಕಾನೂನು ಬರೆದರು. ಆ ವಚನ ಏನು ಹೇಳುತ್ತದೆ? ವಿಶ್ವಾಸಿಗಳ ಎರಡು ಗುಂಪು ಹೊಡೆದಾಡಿದರೆ ಮೊದಲು ರಾಜಿ ಮಾಡಿಸಿ, ಒಂದು ಗುಂಪು ಮಿತಿ ಮೀರಿದರೆ ಅದು ದಾರಿಗೆ ಬರುವ ತನಕ ಮಾತ್ರ ಹೋರಾಡಿ. ಹೊಡೆದಾಡಿದ ಮೇಲೂ ಇಬ್ಬರೂ ವಿಶ್ವಾಸಿಗಳೇ. ಇದರಿಂದ ಶಾಫಿಈ ತೆಗೆದ ಅರ್ಥ ಹೀಗೆ. ಒಂದು ವಾದ, ಒಂದು ನಂಬಿಕೆ ಇಟ್ಟುಕೊಂಡು ಜನ ಕಟ್ಟಿಕೊಂಡು ಎದ್ದವನು ದರೋಡೆಕೋರ ಅಲ್ಲ. ಅವನನ್ನು ತಡೆಯಬಹುದು, ಆದರೆ ಸೆರೆಸಿಕ್ಕ ಮೇಲೆ ಕೊಲ್ಲುವಂತಿಲ್ಲ. ಯುದ್ಧದ ನಡುವೆ ಆದ ಜೀವ ಹಾನಿಗೆ ಆಮೇಲೆ ಕೇಸು ಹಾಕುವಂತಿಲ್ಲ.

ದೊರೆಗಳಿಗೆ ಇದು ಇಷ್ಟವಾಗುವ ಮಾತಾ? ಅವರಿಗೆ 5ನೇ ಅಧ್ಯಾಯದ 33ನೇ ವಚನ ಬೇಕಿತ್ತು, ಭೂಮಿಯಲ್ಲಿ ಹಾವಳಿ ಎಬ್ಬಿಸುವವರಿಗೆ ಮರಣ, ಶೂಲ, ಕೈಕಾಲು ಕಡಿಯುವ ಶಿಕ್ಷೆ ಹೇಳುವುದು. ರಾಜಕೀಯ ಎದುರಾಳಿಯನ್ನು ಆ ಪಟ್ಟಿಗೆ ಸೇರಿಸಿದರೆ ಕೆಲಸ ಸುಲಭ. ಪಂಡಿತರು ಆ ವಚನವನ್ನು ದಾರಿ ಕಾಯುವ ಕಳ್ಳರಿಗೆ ಮೀಸಲಿಟ್ಟು ಬಂಡಾಯಗಾರನನ್ನು ಬೇರೆ ಕೂರಿಸಿದರು. ಪಾಲನೆ ಎಷ್ಟಾಯಿತು ಎಂದರೆ ಬಹಳ ಸಲ ಆಗಲಿಲ್ಲ, ದೊರೆಗಳು ಕೊಲ್ಲುತ್ತಲೇ ಇದ್ದರು. ಆದರೂ ಕಾಗದದ ಮೇಲೆ ಇಷ್ಟು ಬರೆದಿಡಲು ಧೈರ್ಯ ಬೇಕು.

ಹಂಪಿ_ಹುಡುಗ:
ಆದರೆ ಇದೇ ಪಂಡಿತರು ಆಮೇಲೆ ದೊರೆ ಕೆಟ್ಟವನಾದರೂ ಸಹಿಸಿಕೊಳ್ಳಿ ಎಂದರಲ್ಲ ಸರ್? ಅದು ಅಧಿಕಾರಕ್ಕೆ ಶರಣಾದ ಹಾಗೆ ಆಗಲಿಲ್ಲವಾ?

ತುಂಗಾತೀರ:
ಕೆಲವರ ವಿಷಯದಲ್ಲಿ ಹೌದು, ಶರಣಾಗತಿಯೇ. ಎಲ್ಲರ ವಿಷಯದಲ್ಲಿ ಅಲ್ಲ. 701ರ ಹೊತ್ತಿಗೆ ಹಜ್ಜಾಜ್ ವಿರುದ್ಧ ಇಬ್ನ್ ಅಲ್ ಅಶ್ಅಸ್ ದಂಗೆ ಎದ್ದಾಗ ಇರಾಕಿನ ಕುರ್‌ಆನ್ ಪಂಡಿತರ ದೊಡ್ಡ ಗುಂಪು ಜೊತೆಗೆ ಹೋಯಿತು. ಬಸ್ರಾದ ಪಂಡಿತ ಹಸನ್ (ಹುಸೇನರ ಅಣ್ಣ ಅಲ್ಲ, ಬೇರೆಯವರು) ಮಾತ್ರ ಹೋಗಬೇಡಿ ಎಂದರು. ಹಜ್ಜಾಜ್ ದೇವರು ಕಳಿಸಿದ ಶಿಕ್ಷೆ ಆಗಿದ್ದರೆ ಕತ್ತಿಯಿಂದ ತಡೆಯಲು ಆಗುವುದಿಲ್ಲ, ಪ್ರಾರ್ಥನೆ ಮಾಡಿ ಎಂಬುದು ಅವರ ಮಾತು. ದಂಗೆ ಸೋತಿತು, ಅದರಲ್ಲಿದ್ದ ಸಈದ್ ಇಬ್ನ್ ಜುಬೈರ್ ಅವರನ್ನು ಹಜ್ಜಾಜ್ 714ರಲ್ಲಿ ಕೊಲ್ಲಿಸಿದ. ಹಸನ್ ಬಸ್ರಿ ದೊರೆಯ ಹೊಗಳುಭಟ್ಟರಾಗಿದ್ದರು ಎಂದು ಅವರ ಶತ್ರುಗಳೂ ಹೇಳಲಿಲ್ಲ, ಬಾಯಿಬಿಟ್ಟು ಬೈಯುತ್ತಿದ್ದವರು ಅವರು. ಇನ್ನು 740ರಲ್ಲಿ ಹುಸೇನರ ಮೊಮ್ಮಗ ಝೈದ್ ಕೂಫಾದಲ್ಲಿ ಎದ್ದಾಗ ಅಬೂ ಹನೀಫಾ ಹಣ ಕಳಿಸಿ ಬೆಂಬಲಿಸಿದರು ಎಂಬ ವರದಿ ಇದೆ. ಅಂದರೆ ನೂರು ವರ್ಷ ಕಳೆದರೂ ಈ ವಿಷಯಕ್ಕೆ ಒಂದೇ ಉತ್ತರ ಇರಲಿಲ್ಲ.

ಕಡಲಹಕ್ಕಿ:
ಹಂಪಿ ಹುಡುಗನ ಪ್ರಶ್ನೆಗೆ ನನ್ನ ಕಡೆಯಿಂದ ಉತ್ತರ ಬಾಗ್ದಾದಿನ ಪಂಡಿತ ಅಹ್ಮದ್ ಇಬ್ನ್ ಹಂಬಲ್. 833ರಿಂದ ಅಬ್ಬಾಸಿ ಖಲೀಫರು ಕುರ್‌ಆನ್ ಅನಾದಿಯಲ್ಲ, ದೇವರು ಸೃಷ್ಟಿಸಿದ್ದು ಎಂದು ಒಪ್ಪಿಕೊಳ್ಳಿ ಎಂದು ಪಂಡಿತರನ್ನು ವಿಚಾರಣೆಗೆ ಎಳೆದರು. ಅಹ್ಮದ್ ಒಪ್ಪಲಿಲ್ಲ. ಜೈಲಿಗೆ ಹಾಕಿದರು, ಖಲೀಫ ಮುಅ್‌ತಸಿಮ್ ಎದುರಲ್ಲೇ ಚಾಟಿಯಿಂದ ಹೊಡೆಸಿದರು. ಕೆಲವು ವರ್ಷದ ಮೇಲೆ, ವಾಸಿಕ್ ಖಲೀಫನಾಗಿದ್ದಾಗ, ಬಾಗ್ದಾದಿನ ಪಂಡಿತರು ಗುಟ್ಟಾಗಿ ಅವರ ಮನೆಗೆ ಬಂದು ಇನ್ನು ಸಹಿಸಲು ಆಗುವುದಿಲ್ಲ, ಏಳೋಣ ಎಂದರು. ಬೆನ್ನಿನ ಮೇಲೆ ಚಾಟಿ ಗುರುತು ಹೊತ್ತ ಮನುಷ್ಯ ಅವರು. ಆದರೂ ರಕ್ತ, ರಕ್ತ ಎಂದು ಹೇಳಿ, ಮುಸ್ಲಿಮರ ರಕ್ತ ಹರಿಸುವ ಕೆಲಸಕ್ಕೆ ನಾನು ಬರುವುದಿಲ್ಲ ಎಂದರು. ತಮ್ಮ ಮಾತನ್ನೂ ಬಿಡಲಿಲ್ಲ, ಕತ್ತಿಯನ್ನೂ ಹಿಡಿಯಲಿಲ್ಲ. ಸುಳ್ಳು ಒಪ್ಪದಿರುವುದು ಬೇರೆ, ಕೊಲ್ಲಲು ಹೊರಡುವುದು ಬೇರೆ ಎಂದು ಅವರಿಗೆ ಸ್ಪಷ್ಟವಾಗಿತ್ತು. ಅದೇ ಬಾಗ್ದಾದಿನಲ್ಲಿ 846ರಲ್ಲಿ ಅಹ್ಮದ್ ಇಬ್ನ್ ನಸ್ರ್ ಅಲ್ ಖುಝಾಈ ದಂಗೆಗೆ ಹೊರಟು ಸಿಕ್ಕಿಬಿದ್ದರು, ವಾಸಿಕ್ ತಾನೇ ಕತ್ತಿ ಹಿಡಿದು ಅವರನ್ನು ಹೊಡೆದ. ಇಬ್ನ್ ಹಂಬಲ್ ಆ ದಂಗೆಗೆ ಸೇರದವರು. ಆದರೂ ಸತ್ತ ಖುಝಾಈ ಬಗ್ಗೆ ಮಾತು ಬಂದಾಗ, ದೇವರು ಅವನ ಮೇಲೆ ಕರುಣೆ ತೋರಲಿ, ತನ್ನ ಪ್ರಾಣವನ್ನೇ ಕೊಟ್ಟ ಎಂದು ಹೊಗಳಿದರು.